ಮೂರನೇ ಮಹಡಿಯ ಸಂಸಾರ

ಇಲಾಖೆಯ ನಾಲ್ಕು ಮಹಡಿಯ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ನೂರಿಪ್ಪತ್ತು ನೌಕರರು ಇನ್ನು ಮುಂದೆ ತಂತಮ್ಮ ಮನೆಯಿಂದಲೇ ಕೆಲಸ ಮಾಡತಕ್ಕದ್ದೆಂದು ಆದೇಶವಾಯಿತು. ಪ್ರಯಾಣದ ದಣಿವು ತಪ್ಪಿಸುವುದೇ ಇದರ ಉದ್ದೇಶವೆಂದು ಎರಡನೇ ಪುಟದಲ್ಲಿ ಹೇಳಿತ್ತು.

ಟಪಾಲು ಗುಮಾಸ್ತರಿಗಾದ ಸಂತೋಷ ಅಷ್ಟಿಷ್ಟಲ್ಲ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದವರು. ಎರಡು ಕೋಣೆಯ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಬನಿಯನ್ನಿನಲ್ಲೇ ಕಡತ ಬಿಚ್ಚಿದರು.

ಎಂಟನೇ ದಿನ ತನಿಖಾಧಿಕಾರಿಗಳು ಬಂದರು. ಇಲಾಖೆಯ ಕೆಲಸ ನಡೆಯುವ ಜಾಗವೆಲ್ಲ ಕಚೇರಿಯೇ ಎಂಬುದು ಹಳೆಯ ನಿಯಮ. ಅದರಂತೆ ಮುಂದಿನ ಕೋಣೆಗೆ ಬೋರ್ಡು ಹೊಡೆಸಿ, ಹತ್ತರಿಂದ ಐದೂವರೆಯವರೆಗೆ ಅನ್ಯರ ಪ್ರವೇಶ ನಿಷೇಧಿಸಿದರು. ಅನ್ಯರೆಂದರೆ ಗುಮಾಸ್ತರ ತಾಯಿ, ಹೆಂಡತಿ ಮತ್ತು ಮಗಳು.

ಬಚ್ಚಲಿಗೆ ಹೋಗಲು ಆ ಕೋಣೆ ದಾಟಲೇಬೇಕು. ಮಂಡಿನೋವಿನ ತಾಯಿ ದಿನಕ್ಕೆ ಆರು ಸಲ ಸಂದರ್ಶಕರ ಪುಸ್ತಕದಲ್ಲಿ ರುಜು ಹಾಕಿ, ಬಂದ ಕಾರಣ ಬರೆದು, ಮಗನ ಒಪ್ಪಿಗೆ ಪಡೆದು ದಾಟುತ್ತಿದ್ದರು. ಮಗ ಫೋನಿನಲ್ಲಿದ್ದರೆ ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ದಿನ ಕಾಯಲಾಗಲಿಲ್ಲ. ಅವರು ಗೋಡೆಗೆ ಮುಖ ಮಾಡಿ ಅತ್ತರು. ಗುಮಾಸ್ತರಿಗೂ ಅಂದು ಊಟ ಸೇರಲಿಲ್ಲ.

ಮುಂದಿನ ತನಿಖೆಯ ದಿನ ಹೆಂಡತಿಯೇ ಎದುರು ಬಂದು ನಿಂತರು.

"ಇದು ಕಚೇರಿ ಆದ್ರೆ ನಾವೆಲ್ಲಿರೋದು ಸಾರ್?"

ಅಧಿಕಾರಿಗಳೇನು ಕಲ್ಲೆದೆಯವರಲ್ಲ. ಅರ್ಧ ಗಂಟೆ ನಿಯಮಾವಳಿ ತಿರುವಿದರು.

"ಕಚೇರೀಲಿ ಸಂಸಾರ ಹೂಡೋ ಹಾಗಿಲ್ಲಮ್ಮ. ಆದ್ರೆ ನಮ್ಮ ಹಳೇ ಕಟ್ಟಡ ಈಗ ಕಚೇರಿಯಲ್ಲ, ಖಾಲಿ ಬಿದ್ದಿದೆ. ಅಲ್ಲಿರಬಾರದು ಅಂತ ಎಲ್ಲೂ ಬರೆದಿಲ್ಲ."

ಸಂಸಾರ ಮೂರನೇ ಮಹಡಿಗೆ ಹೋಯಿತು. ತಾಯಿಗೆ ನಿರ್ದೇಶಕರ ಕೊಠಡಿ ಸಿಕ್ಕಿತು. ಅದಕ್ಕೆ ಸ್ವಂತ ಬಚ್ಚಲಿತ್ತು. ಅವರು ಚಕ್ರದ ಕುರ್ಚಿಯಲ್ಲಿ ಕೂತು, ಯಾರನ್ನೂ ಕೇಳದೆ, ಬೇಕೆಂದಾಗ ಉರುಳಿಕೊಂಡು ಹೋಗಿಬರತೊಡಗಿದರು. ಎರಡೇ ತಿಂಗಳಲ್ಲಿ ಬೇರೆ ನೌಕರರ ಸಂಸಾರಗಳೂ ಬಂದು ಉಳಿದ ಮಹಡಿಗಳೂ ತುಂಬಿದವು.

ಈಗ ಗುಮಾಸ್ತರು ಬೆಳಿಗ್ಗೆ ಎಂಟೂ ನಲವತ್ತರ ಬಸ್ಸು ಹಿಡಿದು, ನಿಂತೇ ಪ್ರಯಾಣ ಮಾಡಿ, ಮನೆಯ ಬೀಗ ತೆಗೆದು, ಮನೆಯಿಂದ ಕೆಲಸ ಮಾಡುತ್ತಾರೆ. ಸೊಂಟ ಹಿಡಿದುಕೊಂಡಾಗ, ತಾವು ವಾಸವಿರುವ ಕಟ್ಟಡದಲ್ಲೇ ಕೆಲಸ ಮಾಡಲು ಅನುಮತಿ ಕೋರಿ ಅರ್ಜಿ ಹಾಕಿದರು. ಉತ್ತರ ಮರುವಾರವೇ ಬಂತು: "ಮನೆಯಿಂದಲೇ ಕೆಲಸ ಮಾಡುವ ಆದೇಶ ಜಾರಿಯಲ್ಲಿರುವಾಗ ಸದರಿ ಕಟ್ಟಡಕ್ಕೆ ಬಂದು ಕೆಲಸ ಮಾಡುವ ಪ್ರಶ್ನೆ ಉದ್ಭವಿಸುವುದಿಲ್ಲ."

ಗುಮಾಸ್ತರು ಎರಡು ಸಲ ಓದಿದರು. ನ್ಯಾಯವಾಗಿಯೇ ಇದೆ ಅನ್ನಿಸಿತು. ಊಟದ ಡಬ್ಬಿ ಎತ್ತಿಕೊಂಡು ಹೊರಟರು.

ಹೆಂಡತಿ ಲಿಫ್ಟಿನವರೆಗೆ ಬಂದು, "ಮನೆ ಮುಟ್ಟಿದ ತಕ್ಷಣ ಒಂದು ಫೋನ್ ಮಾಡಿ," ಎಂದರು.