ಮೈಸೂರಿಗೆ ಹೊರಟ ಎರಡು ಪಾರ್ಸೆಲ್

ಅಂಚೆ ಮೇಲೋ, ಕೊರಿಯರ್ ಮೇಲೋ? ಈ ಮಹಾಪ್ರಶ್ನೆಗೆ ನಮ್ಮ ಹಳ್ಳಿ ಜಾವಳಿಯಿಂದಲೇ ಅಂತಿಮ ತೀರ್ಪು ಕೊಟ್ಟೇ ತೀರುತ್ತೇನೆಂದು ಹೋದ ತಿಂಗಳು ನಾನು ಪಣ ತೊಟ್ಟೆ!

ಕಾರಣ ನನ್ನ ಹೆಂಡತಿ ಶಾಲಿನಿ. ಅವಳು ಮನೆಯಲ್ಲೇ ಹುರಿದು ಪುಡಿ ಮಾಡುವ ಕಾಫಿಗೆ ಮೊದಲ ಬಾರಿ ಪರವೂರಿನ ಗಿರಾಕಿ ಸಿಕ್ಕಿದ್ದ. ಮೈಸೂರಿನಲ್ಲಿ ಹೋಟೆಲ್ ಇಟ್ಟಿರುವ ಅಶ್ವಿನ್. ಒಂದು ಕಿಲೋ ಸ್ಯಾಂಪಲ್ ಹಿಡಿಸಿದರೆ ತಿಂಗಳು ತಿಂಗಳೂ ಆರ್ಡರ್!

"ಸುಮ್ನೆ ಪೋಸ್ಟಲ್ಲಿ ಕಳ್ಸಿ ಮಾರಾಯ್ರೆ" ಎಂದಳು.

"ಪರೀಕ್ಷೆ ಮಾಡ್ದೆ ಕಳ್ಸೋದಾ? ನಮ್ ತೋಟದ ಮಣ್ಣೂ ಮೈಸೂರಿನ ಲ್ಯಾಬಿಗೆ ಹೋಗ್ಬೇಕಲ್ಲ. ಮಣ್ಣು ಪೋಸ್ಟಲ್ಲಿ, ಕಾಫಿ ಕೊರಿಯರಲ್ಲಿ. ಒಂದೇ ದಿನ, ಒಂದೇ ಊರು, ಒಂದೇ ತೂಕ. ಗೆದ್ದೋರಿಗೆ ಇನ್ಮೇಲೆ ನಿನ್ ಆರ್ಡರ್ ಎಲ್ಲ!"

ನ್ಯಾಯವೆಂದರೆ ನ್ಯಾಯ. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಕಾಫಿಪುಡಿಯಷ್ಟೇ ನುಣ್ಣಗೆ ಮಾಡಿದೆ. ಎರಡನ್ನೂ ತೂಗಿ, ಮಳೆಗೆ ಹೆದರಿ ಮೂರು ಮೂರು ಪ್ಲಾಸ್ಟಿಕ್ ಕವರು ಸುತ್ತಿ, ಒಂದೇ ಅಳತೆಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಇಂಚೂ ಬಿಡದೆ ಟೇಪು ಸುತ್ತಿದೆ.

"ಯಾವುದ್ರಲ್ಲಿ ಏನಿದೆ ಅಂತ ಗುರ್ತು ಹಾಕಿದ್ರಾ?"

"ಅಷ್ಟೂ ತಿಳಿಯಲ್ವಾ ನಂಗೆ? ಎಡಗಡೇದು ಕಾಫಿ!"

ಎಡಗಡೆಯದು ಕಾಫಿಯೇ ಆಗಿತ್ತು. ಆದರೆ ಟೇಪು ಸುತ್ತುವಾಗ ನಾನು ಮೇಜಿನ ಆಚೆ ಬದಿಗೆ ಹೋಗಿ ಕೂತಿದ್ದೆ! ಅಲ್ಲಿಂದಲೇ ವಿಳಾಸವನ್ನೂ ಅಂಟಿಸಿದೆ.

ಮೂಡಿಗೆರೆಯ ಅಂಚೆ ಕಚೇರಿಯಲ್ಲಿ ಮಂಜಯ್ಯನವರು "ಒಳಗೇನಿದೆ ಸಾರ್?" ಎಂದರು. "ಮಣ್ಣು!" ಎಂದೆ, ಎದೆಯುಬ್ಬಿಸಿ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುದ್ರೆ ಒತ್ತಿದರು. ಅಲ್ಲಿಂದ ಕೊರಿಯರ್ ಅಂಗಡಿಗೆ ಹೋಗಿ ಇನ್ನೊಂದನ್ನು ಕೊಟ್ಟು ಬಂದೆ.

ಎರಡು ದಿನ ಫೋನಿನಲ್ಲಿ ಪಾರ್ಸೆಲ್‌ಗಳ ಜಾಡು ಹಿಡಿದು ಕೂತೆ. ಸ್ನಾನ ಮರೆತೆ, ಕಣದಲ್ಲಿ ಕೆಲಸದವರು ಕಾದರು. ಮೂರನೆಯ ದಿನ ಎರಡೂ ಹತ್ತು ನಿಮಿಷದ ಅಂತರದಲ್ಲಿ ತಲುಪಿದವು!

"ಪಂದ್ಯ ಡ್ರಾ!" ಎಂದು ಕೂಗಿದೆ.

ಒಂದೆರಡು ಗಂಟೆ ಕಳೆದು ಶಾಲಿನಿಗೆ ಅಶ್ವಿನ್ ಫೋನ್. "ಮೇಡಂ, ಅರ್ಧ ಗಂಟೆ ಆಯ್ತು, ಡಿಕಾಕ್ಷನ್ ಇಳೀತಾ ಇಲ್ಲ. ಇಳಿದಷ್ಟೂ ಕೆಸರು. ನಮಗೆ ಬೇಡ ಬಿಡಿ."

ಅವಳು ಫೋನಿಟ್ಟು ಅಲ್ಲೇ ಕುಸಿದಳು. "ನನ್ ಮೊದಲ್ನೇ ಗಿರಾಕಿ ಕಣ್ರೀ..." ಕಣ್ಣಲ್ಲಿ ನೀರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾಫಿಪುಡಿಯನ್ನಾದರೂ ಉಳಿಸಲೇಬೇಕೆಂದು ಲ್ಯಾಬಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಲ್ಲಿನ ರೇವತಿ ಮೇಡಂ ಎತ್ತಿದರು.

"ಮೇಡಂ, ಪ್ಯಾಕ್ ಮಾಡುವಾಗ ನನ್ ಕೈಲಿ ಅದಲುಬದಲಾಗಿದೆ, ನಿಮಗೆ ಬಂದಿರೋದು ಮಣ್ಣಲ್ಲ..."

"ಕವರ್ ಬಿಚ್ಚಿದ ಕೂಡ್ಲೆ ಗೊತ್ತಾಯ್ತು ಸಾರ್. ಇಂಥ ಘಮ ಮಣ್ಣಿಗೆಲ್ಲಿಂದ ಬರ್ಬೇಕು? ಕ್ಷಮಿಸಿ, ಎಲ್ರೂ ಒಂದೊಂದು ಲೋಟ ಕುಡಿದ್ವಿ. ನಮ್ಮ ಹದಿನಾಲ್ಕು ಜನಕ್ಕೂ ತಿಂಗಳಿಗೆ ಒಂದೊಂದು ಕಿಲೋ ಬೇಕು. ಇದನ್ನ ಹುರಿದವರು ಯಾರು?"

ಶಾಲಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ಕಿತ್ತುಕೊಂಡಳು. "ನಾನೇ ಮೇಡಂ! ಪೋಸ್ಟಲ್ಲಿ ಕಳಿಸ್ಲಾ, ಕೊರಿಯರಲ್ಲಾ?"

"ಯಾವುದ್ರಲ್ಲಾದ್ರೂ ಕಳ್ಸಿ ಅಮ್ಮ. ನಿಮ್ ಯಜಮಾನ್ರ ಕೈಲಿ ಮಾತ್ರ ಪ್ಯಾಕ್ ಮಾಡಿಸ್ಬೇಡಿ!"