ಗೋದಾಬಾಯಿಯವರ ಫೈಟರ್ ಸಂತಾನ

“ನನ್ನ ಕಣ್ಣಿಗೆ ಪೊರೆ ಬಂದಿದೆ ಅನ್ನೋರ ಕಣ್ಣನ್ನ ನಾನು ತೆರೆಸ್ತೀನಿ, ನೋಡ್ತಿರಿ!”

ಹೀಗೆಂದು ಗೋದಾಬಾಯಿ ಘೋಷಿಸಿದ್ದು ಮದರಾಸಿನ ಟ್ರಿಪ್ಲಿಕೇನಿನ ತಮ್ಮ ಮನೆಯ ಅಡುಗೆಮನೆಯಲ್ಲಿ, ಎಂಬತ್ತಮೂರನೆಯ ಇಸವಿಯ ಬೇಸಿಗೆಯ ಒಂದು ಮಧ್ಯಾಹ್ನ. ಘೋಷಣೆಯನ್ನು ಕೇಳಿದವರು ಇಬ್ಬರು. ಒಬ್ಬರು ಎಲೆಯ ಮುಂದೆ ಕುಳಿತಿದ್ದ ಗಂಡ ಹರಿದಾಸರಾಯರು. ಇನ್ನೊಬ್ಬಳು ಹಿತ್ತಲ ಬಾಗಿಲಲ್ಲಿ ಪಾತ್ರೆ ಉಜ್ಜುತ್ತಿದ್ದ ಕೆಲಸದ ಬೇಬಿ. ಜಗಳಕ್ಕೆ ಮೂಲ, ಸಾರಿನ ಒಗ್ಗರಣೆ.

“ಸಾಸಿವೆ ಸಿಡಿದೇ ಇಲ್ಲವಲ್ಲ,” ಎಂದಿದ್ದರು ರಾಯರು.

“ಅಂಗಡಿಯವನು ಹಳೇ ಸಾಸಿವೆ ಕೊಟ್ಟಿದ್ದಾನೆ.”

“ಗೋದಾ, ಇದು ರಾಗಿ.”

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು ಗೋದಾಬಾಯಿ. ಜಿರಲೆಯ ಬಾಯಿಯನ್ನು ಬಿಡಿಬಿಡಿಯಾಗಿ ಬಿಚ್ಚಿ ಹಾಳೆಯ ಮೇಲೆ ಜೋಡಿಸುತ್ತಿದ್ದ ಕೈ ಅದು. ಅಂಥವರಿಗೆ ರಾಗಿಯ ಪಾಠ ಹೇಳುವುದೆಂದರೆ! ಆದರೆ ರಾಯರೂ ಸಾಮಾನ್ಯರಲ್ಲ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು.

“ಮೈಲಿ ದೂರದ ಸಿಗ್ನಲ್ ನೋಡಿ ಬಾವುಟ ತೋರಿಸಿದವನು ನಾನು. ಎಲೆ ಮೇಲಿನ ರಾಗಿ ಕಾಣಲ್ವಾ? ಡಾಕ್ಟರು ಹೇಳಿ ವರ್ಷ ಆಯ್ತು. ಎರಡು ಕಣ್ಣಿಗೂ ಪೊರೆ. ಎಗ್ಮೂರು ಕಣ್ಣಾಸ್ಪತ್ರೇಲಿ ಆಪರೇಷನ್, ಅರ್ಧ ಗಂಟೆ ಕೆಲಸ.”

ಆ ಅರ್ಧ ಗಂಟೆಯ ವಿಷಯ ಗೋದಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ಸಾವಿರಾರು ಕಪ್ಪೆಗಳ ಮೇಲೆ ಕತ್ತರಿ ಆಡಿಸಿದವರಿಗೆ ತಾವೇ ಮೇಜಿನ ಮೇಲೆ ಅಂಗಾತ ಮಲಗುವ ಯೋಚನೆ ಬಂದಾಗಲೆಲ್ಲ ಆ ಕಪ್ಪೆಗಳೆಲ್ಲ ಸಾಲಾಗಿ ನೆನಪಾಗುತ್ತಿದ್ದವು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. “ನನ್ನ ಕಣ್ಣು ಸರಿಯಾಗಿದೆ. ಪಾತ್ರೆಗಳೇ ಮಂಜು ಮಂಜು,” ಎಂದು ಬೇಬಿಯ ಕೈಯಲ್ಲಿ ಒಂದೊಂದು ಪಾತ್ರೆಯನ್ನೂ ಎರಡೆರಡು ಸಲ ಉಜ್ಜಿಸುತ್ತಿದ್ದರು. ಬೇಬಿಗೆ ಹೆಸರು ಬೇಬಿಯಾದರೂ ವಯಸ್ಸು ಐವತ್ತೆಂಟು. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿದ್ದು, ತಮಿಳು ಕನ್ನಡ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದಳು.

ಪಂದ್ಯ ಅಲ್ಲೇ ನಿಗದಿಯಾಯಿತು. ಗೋದಾಬಾಯಿ ಫೈಟರ್ ಮೀನು ಸಾಕುವುದು. ಅದರ ಮರಿ ಹುಟ್ಟಿದಾಗ ರವೆಯ ಕಾಳಿಗಿಂತ ಸಣ್ಣದು. ಅದನ್ನು ಕಂಡು, ಉಣಿಸಿ, ಬೆಳೆಸಬೇಕಾದರೆ ಹದ್ದಿನ ಕಣ್ಣೇ ಬೇಕು. ಯಾರ ಸಹಾಯವೂ ಇಲ್ಲದೆ ಇಪ್ಪತ್ತು ಮರಿಗಳನ್ನು ಉಳಿಸಿ ತೋರಿಸಿದರೆ ರಾಯರು ಸಾಯುವತನಕ ‘ಪೊರೆ’ ಎಂಬ ಶಬ್ದ ಎತ್ತಕೂಡದು. ತಪ್ಪಿದರೆ ಗೋದಾಬಾಯಿ ತೆಪ್ಪಗೆ ಎಗ್ಮೂರಿಗೆ. ತೀರ್ಪು ಕೊಡುವವರು ವಿನೋದಾ. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ಗೋದಾಬಾಯಿಯ ಆಪ್ತ ಸ್ನೇಹಿತೆ ಮತ್ತು ಆಜನ್ಮ ಪ್ರತಿಸ್ಪರ್ಧಿ. ಹೋದ ವರ್ಷ ಅವರಿಗೆ ಪೊರೆಯ ಆಪರೇಷನ್ ಆಗಿತ್ತು. ಅಂದಿನಿಂದ, “ಬೆಂಡೆಕಾಯಿ ಮೇಲಿನ ರೋಮ ಕೂಡ ಲೆಕ್ಕ ಮಾಡ್ತೀನಿ ಕಣೇ!” ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಮೂರ್ ಮಾರ್ಕೆಟ್ಟಿನಿಂದ ಒಂದು ಕೆಂಪು ಗಂಡು, ಒಂದು ಬೂದು ಹೆಣ್ಣು ಬಂದವು. ನಡುಮನೆಯ ಮೇಜಿನ ಮೇಲೆ ಗಾಜಿನ ತೊಟ್ಟಿ ಕೂತಿತು. ಗಂಡು ಬಾಯಿಂದ ಗುಳ್ಳೆ ಗುಳ್ಳೆ ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟಿತು. ಶುಕ್ರವಾರ ಹೆಣ್ಣು ಮೊಟ್ಟೆಯಿಟ್ಟಿತು. ಕೂಡಲೇ ಗೋದಾಬಾಯಿ ಹೆಣ್ಣನ್ನು ಹಾರ್ಲಿಕ್ಸ್ ಬಾಟಲಿಗೆ ವರ್ಗ ಮಾಡಿದರು. ಇಲ್ಲದಿದ್ದರೆ ಗಂಡು ಅದನ್ನು ಕಚ್ಚಿ ಹಾಕುತ್ತದೆ. ಉದುರಿದ ಮೊಟ್ಟೆಗಳನ್ನು ಗಂಡು ಬಾಯಲ್ಲಿ ಹೆಕ್ಕಿ ಹೆಕ್ಕಿ ನೊರೆಗೆ ಅಂಟಿಸತೊಡಗಿತು.

“ನೋಡಿದ್ರಾ? ಮನೆ ಕಟ್ಟೋದು, ಮಕ್ಕಳನ್ನ ನೋಡ್ಕೊಳೋದು, ಎಲ್ಲ ಗಂಡೇ! ಕಲೀರಿ!”

“ಹೆಂಡತೀನ ಹಾರ್ಲಿಕ್ಸ್ ಬಾಟ್ಲೀಲಿ ಹಾಕಿಡೋ ಸೌಕರ್ಯ ಇದ್ದಿದ್ರೆ ನಾನೂ ಕಟ್ತಿದ್ದೆ,” ಎಂದರು ರಾಯರು.

ಆ ಕ್ಷಣವೇ ತೊಟ್ಟಿಯ ನಾಲ್ಕು ಕಡೆಗೂ ಪತ್ರಿಕೆಯ ಹಾಳೆ ಅಂಟಿತು, ಮೇಲೆ ಗಾಜಿನ ಮುಚ್ಚಳ ಬಿತ್ತು. ಮೀನಿಗೆ ಗಾಬರಿಯಾಗಬಾರದೆಂಬುದು ಶಾಸ್ತ್ರೀಯ ಕಾರಣ. ರಾಯರು ಇಣುಕಬಾರದೆಂಬುದು ನಿಜವಾದ ಕಾರಣ.

ಮಂಗಳವಾರ ಬೆಳಿಗ್ಗೆ ಮರಿಗಳು ಈಜುವ ಹೊತ್ತು. ಹೊಟ್ಟೆ ಹಸಿದ ತಂದೆ ಮಕ್ಕಳನ್ನೇ ನುಂಗೀತು. ಆದ್ದರಿಂದ ಗೋದಾಬಾಯಿ ಅದನ್ನೂ ಇನ್ನೊಂದು ಬಾಟಲಿಗೆ ಸಾಗಿಸಿದರು. ಮರಿಗಳ ಊಟಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೇಕು. ಹಿತ್ತಲಲ್ಲಿ ಒಂದು ಸಿಮೆಂಟ್ ತೊಟ್ಟಿಯಿತ್ತು. ಆ ವರ್ಷ ಮದರಾಸಿನಲ್ಲಿ ನೀರಿನ ಬರ. ಬೀದಿಗೆ ಲಾರಿ ಬಂದರೆ ಆರು ಕೊಡ, ಬರದಿದ್ದರೆ ಗೋವಿಂದ. ಹೀಗಾಗಿ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಆ ತೊಟ್ಟಿಗೆ, ಅಲ್ಲಿಂದ ಕನಕಾಂಬರದ ಗಿಡಗಳಿಗೆ. ಪಾಚಿಗಟ್ಟಿ ಹಸಿರಾಗಿದ್ದ ಆ ನೀರನ್ನು ಒಂದು ಚೊಂಬು ತಂದು ಗಾಜಿನ ತೊಟ್ಟಿಗೆ ಸುರಿದು, “ಉಣ್ಣಿ ಮಕ್ಕಳೇ,” ಎಂದು ಗೋದಾಬಾಯಿ ಸ್ನಾನಕ್ಕೆ ಹೋದರು. ಮುಚ್ಚಳ ಹಾಕಲು ಮರೆತರು.

ಬರುವಷ್ಟರಲ್ಲಿ ನೊರೆ ಮಾಯ! ನೀರಿನ ಮೇಲ್ಮೈ ಕನ್ನಡಿಯಂತಿತ್ತು. ಬೇಬಿ ಹಿತ್ತಲಲ್ಲಿ ಒಂದು ತೆಂಗಿನ ಕರಟ ತೊಳೆಯುತ್ತಿದ್ದಳು.

ಗೋದಾಬಾಯಿ ಮುಚ್ಚಳ ಹಾಕಿ, ದಿನಚರಿ ತೆರೆದು ದೊಡ್ಡ ಅಕ್ಷರದಲ್ಲಿ ಬರೆದರು: ‘ಮೊದಲನೆಯ ದಿನ. ಗೂಡು ತಾನಾಗಿ ಕರಗಿತು. ಪುಸ್ತಕದಲ್ಲಿರುವಂತೆಯೇ.’

ಅಲ್ಲಿಂದ ಪ್ರಯೋಗ ಭರದಿಂದ ಸಾಗಿತು. ಬಾಳೆಹಣ್ಣಿನ ಸಿಪ್ಪೆ ಕೊಳೆಹಾಕಿದ ನೀರು ದಿನಕ್ಕೆರಡು ಚಮಚ. ನಡುಮನೆಯ ವಾಸನೆಗೆ ರಾಯರು ಊಟವನ್ನು ಜಗಲಿಗೆ ಬದಲಾಯಿಸಿದರು. ಗೋದಾಬಾಯಿ ಮಾತ್ರ ದಿನವೂ ಭೂತಗನ್ನಡಿ ಹಿಡಿದು ತೊಟ್ಟಿಯ ಮೇಲೆ ಬಾಗುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ಕಪ್ಪಗೆ ಕಡ್ಡಿಯಂಥವು, ನೀರಿನ ಮೇಲ್ಮೈಗೆ ಜೋತುಬಿದ್ದಿವೆ, ಆಗಾಗ ಮೈ ಕುಲುಕಿಸಿ ಕೆಳಗಿಳಿಯುತ್ತವೆ. ಅಷ್ಟು ಸಾಲದೇ?

‘ಐದನೆಯ ದಿನ. ಎಪ್ಪತ್ತಕ್ಕೂ ಹೆಚ್ಚು ಮರಿಗಳು. ಅಸಾಧಾರಣ ಚಟುವಟಿಕೆ.’

‘ಎಂಟನೆಯ ದಿನ. ಬೆಳವಣಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ವೇಗ. ನೀರಿನ ಗುಣವೋ, ಆರೈಕೆಯ ಗುಣವೋ!’

‘ಹತ್ತನೆಯ ದಿನ. ಮೈ ಬಾಗಿ ಅಲ್ಪವಿರಾಮದ ಆಕಾರ. ತಲೆ ಬಹಳ ದಪ್ಪವಾಗಿದೆ. ಮೇಧಾವಿಗಳಾಗುವ ಲಕ್ಷಣ. ಊಟ ಬಿಟ್ಟಿವೆ.’

ಆ ಹತ್ತನೆಯ ದಿನವೇ ಬೇಬಿ ಕಸಪೊರಕೆ ಹಿಡಿದು ಪಕ್ಕದಲ್ಲಿ ಹಾಯುವಾಗ ಮುಚ್ಚಳ ತೆರೆದಿತ್ತು. ಅವಳು ನಿಂತಳು. ಬಗ್ಗಿ ನೋಡಿದಳು.

“ಅಯ್ಯಯ್ಯೋ ಅಮ್ಮಾ, ಇದು ಕೊಸು! ಸೊಳ್ಳೆ ಮರಿ ಅಮ್ಮಾ!”

“ಬೇಬಿ, ನೀನು ಪ್ರಾಣಿಶಾಸ್ತ್ರ ಎಷ್ಟು ವರ್ಷ ಓದಿದ್ದೀಯ?”

“ಓದಿಲ್ಲಮ್ಮಾ. ಕಚ್ಚಿಸ್ಕೊಂಡಿದ್ದೀನಿ.”

“ಹೋಗಿ ಪಾತ್ರೆ ಉಜ್ಜು. ಹಾಲಿನ ಪಾತ್ರೆ ಮತ್ತೆ ಮಂಜು ಮಂಜಾಗಿದೆ.”

ಬೇಬಿ ಹಿತ್ತಲಿಗೆ ಹೋದಳು. ಹಾಲಿನ ಪಾತ್ರೆ ಥಳಥಳ ಹೊಳೆಯುತ್ತಿತ್ತು. ಅವಳು ಅದನ್ನು ಎರಡನೆಯ ಸಲ ಉಜ್ಜಿದಳು. ಉಜ್ಜುವಾಗ ಏನೇನೋ ಅಂದಳು, ತಮಿಳಿನಲ್ಲಿ.

ಹನ್ನೆರಡನೆಯ ದಿನ, ಶನಿವಾರ, ಸಂಜೆ ನಾಲ್ಕಕ್ಕೆ ತೀರ್ಪು. ವಿನೋದಾ ಮೈಲಾಪುರದಿಂದ ಆಟೋದಲ್ಲಿ ಬಂದಿಳಿದರು. ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪ. ಕೂತದ್ದೇ, “ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ನೋಡೇ,” ಎಂದರು. ಗೋದಾಬಾಯಿ ಗೋಡೆಯ ಕಡೆ ತಿರುಗಲಿಲ್ಲ. ಗೊಜ್ಜವಲಕ್ಕಿ, ಕಾಫಿ ಬಂದವು. ಗೋದಾಬಾಯಿ ಎದ್ದು, ತರಗತಿಯಲ್ಲಿ ನಿಲ್ಲುತ್ತಿದ್ದಂತೆ ನಿಂತು, ಗಂಟಲು ಸರಿಮಾಡಿಕೊಂಡರು.

“ನೀವೀಗ ನೋಡಲಿರುವುದು ಬೆಟ್ಟಾ ಸ್ಪ್ಲೆಂಡೆನ್ಸ್, ಅಂದರೆ ಫೈಟರ್ ಮೀನು. ಹನ್ನೆರಡು ದಿನದ ಮರಿಗಳು. ಒಂದೇ ಒಂದು ಸತ್ತಿಲ್ಲ. ಎಲ್ಲವನ್ನೂ ಬರಿಗಣ್ಣಿನಿಂದ...”

ಮುಚ್ಚಳ ಎತ್ತಿದರು.

ಗುಂಯ್!

ಮೊದಲು ಹತ್ತು, ಆಮೇಲೆ ಐವತ್ತು, ಆಮೇಲೆ ಒಂದು ಕಪ್ಪು ಮೋಡವೇ ತೊಟ್ಟಿಯಿಂದೆದ್ದು ನಡುಮನೆಯನ್ನು ವ್ಯಾಪಿಸಿತು. ಬೆಟ್ಟಾ ಸ್ಪ್ಲೆಂಡೆನ್ಸ್ ಸಂತಾನ ರಾಯರ ಬೋಳುತಲೆಯ ಮೇಲಿಳಿಯಿತು, ವಿನೋದಾರ ಕಾಫಿಯಲ್ಲಿ ಮುಳುಗಿತು, ಗೊಜ್ಜವಲಕ್ಕಿಯ ಮೇಲೆ ಕಡಲೆಬೀಜದ ಪಕ್ಕ ಆಸೀನವಾಯಿತು. ರಾಯರು ಎದ್ದು ಅಂಗವಸ್ತ್ರವನ್ನು ಕೆಂಪು ಬಾವುಟದಂತೆ ಬೀಸತೊಡಗಿದರು. ಗಾಡಿ ನಿಲ್ಲಲಿಲ್ಲ.

“ಗೋದಾ,” ಎಂದರು ವಿನೋದಾ ಶಾಂತವಾಗಿ, “ನಿನ್ನ ಮೀನಿಗೆ ರೆಕ್ಕೆ ಬಂದಿದೆ.”

ಗೋದಾಬಾಯಿ ಮೊಣಕೈ ಮೇಲೆ ಪಟ್ಟೆಂದು ಹೊಡೆದುಕೊಂಡರು. ಅಂಗೈಯನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದರು.

“ಕ್ಯೂಲೆಕ್ಸ್ ಸೊಳ್ಳೆ,” ಎಂದರು. “ಹೆಣ್ಣು.” ಶಾಸ್ತ್ರಕ್ಕೆ ದ್ರೋಹ ಮಾಡುವವರಲ್ಲ.

ಹಸಿರು ನೀರಿನ ಜೊತೆಗೆ ಸೊಳ್ಳೆಯ ಮೊಟ್ಟೆಗಳೂ ಬಂದಿದ್ದವು. ಊಟವೆಂದು ಹಾಕಿದ್ದನ್ನು ಉಣ್ಣುವವರಿಲ್ಲದೆ ಊಟವೇ ಬೆಳೆದು ಹಾರಿತ್ತು. ಹಾಗಾದರೆ ಉಣ್ಣಬೇಕಾದವರು ಎಲ್ಲಿ?

“ಬೇಬೀ! ಅವತ್ತು ಈ ತೊಟ್ಟೀಲಿದ್ದ ನೊರೆ ಏನಾಯ್ತು?”

ಬೇಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಮೀನು ಉಗುಳಿದ ಎಚ್ಚಿಲು ನೊರೆಯಾ? ಅಸಹ್ಯ! ಕರಟದಲ್ಲಿ ತೆಗ್ದು ಹಿಂದಿನ ತೊಟ್ಟೀಲಿ ಹಾಕ್ದೆ. ತಣ್ಣಿ, ನೀರು ಕಷ್ಟ ಅಲ್ವಾ ಅಮ್ಮಾ, ಸುಮ್ನೆ ಮೋರಿಗೆ ಯಾಕೆ ಸುರಿಯೋದು?”

ನಾಲ್ವರೂ ಹಿತ್ತಲಿಗೆ ಓಡಿದರು. ಬೇಬಿ ಬಿಳಿಯ ಪಿಂಗಾಣಿ ಬೋಗುಣಿಯಲ್ಲಿ ತೊಟ್ಟಿಯ ನೀರು ಮೊಗೆದು ಮೊಗೆದು ಹಿಡಿದಳು. ವಿನೋದಾ ಎಣಿಸಿದರು, ರಾಯರು ಎಣಿಸಿದರು. ಮೂವತ್ತನಾಲ್ಕು! ಒಂದೊಂದೂ ಜೀರಿಗೆಯಷ್ಟುದ್ದ, ಹೊಟ್ಟೆ ತುಂಬ ಸೊಳ್ಳೆಮರಿ ತಿಂದು ಗುಂಡಗಿದ್ದವು. ಆ ತೊಟ್ಟಿಯಲ್ಲಿ ಹುಡುಕಿದರೂ ಒಂದು ಸೊಳ್ಳೆಯ ಹುಳುವೂ ಇರಲಿಲ್ಲ.

ಗೋದಾಬಾಯಿಯ ಮುಖ ಅರಳಿತು. “ಇಪ್ಪತ್ತು ಕೇಳಿದ್ರಿ, ಮೂವತ್ತನಾಲ್ಕಿವೆ. ನಾನು ಗೆದ್ದೆ!”

“ಒಂದನ್ನ ತೋರಿಸು,” ಎಂದರು ವಿನೋದಾ.

ಗೋದಾಬಾಯಿ ಬೋಗುಣಿಯ ಮೇಲೆ ಬಾಗಿದರು. ಮಂಜು. ಮಂಜಿನ ಹಿಂದೆ ಇನ್ನಷ್ಟು ಮಂಜು. ಆದರೂ ಮೂವತ್ತೊಂದು ವರ್ಷದ ಅಧಿಕಾರದಿಂದ ಬೆರಳು ಚಾಚಿದರು. “ಅಗೋ, ಆ ಅಂಚಲ್ಲಿ. ಕಪ್ಪಗೆ. ಅಲ್ಲಾಡದೆ ನಿಂತಿದೆ ನೋಡು, ವಿಶ್ರಾಂತಿ ತಗೋತಿದೆ.”

ಬೇಬಿ ಮೆಲ್ಲಗೆ ಹೇಳಿದಳು. “ಅಮ್ಮಾ, ಅದು ಬೋಗುಣಿ ಚಕ್ಕೆ ಎದ್ದಿರೋದು.”

ವಿನೋದಾ ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಟ್ಟರು: ಮರಿಗಳನ್ನು ಬೆಳೆಸಿದವಳು ಬೇಬಿ, ಗೆದ್ದವಳು ಬೇಬಿ, ಇನ್ನು ಅವಳು ಹೇಳಿದಂತೆ ಆಗತಕ್ಕದ್ದು.

“ಏನು ಬೇಕು ಕೇಳು ಬೇಬಿ,” ಎಂದರು ರಾಯರು ಹುಮ್ಮಸ್ಸಿನಿಂದ.

ಬೇಬಿ ಬಹಳ ಹೊತ್ತು ಯೋಚಿಸಲಿಲ್ಲ. ಇಪ್ಪತ್ತು ವರ್ಷ ಉಪ್ಪು ತಿಂದ ಮನೆ. ಆದರೆ ಒಂದು ವರ್ಷ ಎರಡೆರಡು ಸಲ ಉಜ್ಜಿದ ಕೈ. “ಅಮ್ಮ ಎಗ್ಮೂರಿಗೆ ಹೋಗಲಿ, ಅಯ್ಯಾ. ಆ ಮಂಜು ಪಾತ್ರೇಲಿ ಇಲ್ಲ.”

ಗೋದಾಬಾಯಿಯ ಕಣ್ಣಮುಂದೆ ಕಪ್ಪೆಗಳೆಲ್ಲ ಸಾಲಾಗಿ ಬಂದವು. ಸದ್ಯಕ್ಕೆ ಸ್ಪಷ್ಟವಾಗಿ ಕಂಡದ್ದು ಅವು ಮಾತ್ರ. ಬೇಬಿಯ ಕೈಯಿಂದ ಬೋಗುಣಿ ತೆಗೆದುಕೊಂಡು, ನೀರು ತುಳುಕದಂತೆ ಮರಿಗಳನ್ನು ತೊಟ್ಟಿಗೆ ಬಿಟ್ಟರು. ನೆಟ್ಟಗೆ ಒಳಗೆ ಹೋದರು, ಮೇಜಿನ ಮುಂದೆ ಕುಳಿತರು, ಪೆನ್ನು ಬಿಚ್ಚಿದರು, ಕೊನೆಯ ವರದಿ ಬರೆದರು:

‘ಪ್ರಯೋಗ ಯಶಸ್ವಿ. ಮರಿಗಳು ಮೂವತ್ತನಾಲ್ಕು. ವೀಕ್ಷಕಿ: ಬೇಬಿ. ದೋಷವಿದ್ದದ್ದು ಉಪಕರಣದಲ್ಲಿ. ರಿಪೇರಿಗಾಗಿ ಸೋಮವಾರ ಎಗ್ಮೂರಿಗೆ ಕಳಿಸಲಾಗುವುದು.’

ಮೂವತ್ತೊಂದು ವರ್ಷದಲ್ಲಿ ಅವರು ಬರೆದ ಅತ್ಯಂತ ಪ್ರಾಮಾಣಿಕ ವರದಿ ಅದು. ಒಂದೇ ಕೊರತೆ. ಅದನ್ನು ಅವರು ದಿನಚರಿಯಲ್ಲಿ ಬರೆದಿರಲಿಲ್ಲ. ಪಕ್ಕದಲ್ಲಿದ್ದ ರಾಯರ ಪಂಚಾಂಗದಲ್ಲಿ, ಏಕಾದಶಿಯ ಮೇಲೆ ಅಡ್ಡಡ್ಡವಾಗಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಏಕಾದಶಿ ಇವತ್ತೋ ನಾಳೆಯೋ ತಿಳಿಯದೆ ರಾಯರು ಎರಡೂ ದಿನ ಉಪವಾಸ ಮಾಡಿದರು.