ನಾನು ಬರೆದ ರಾಕ್ ವಿಮರ್ಶೆ

ಸಂಗೀತ ವಿಮರ್ಶೆಯಲ್ಲಿ ಇಳಕಲ್ಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಬರೆಯುವುದಿಲ್ಲ ಎಂಬುದೂ ಅದಕ್ಕೊಂದು ಕಾರಣ. ಊರಿನ ವಾರಪತ್ರಿಕೆಗೆ ಗಾಯನ ಕಚೇರಿಗಳ ಬಗ್ಗೆ ಬರೆದೂ ಬರೆದೂ ಕೈ ಪಳಗಿತ್ತು. ಹೀಗಾಗಿ ಅಣ್ಣನ ಮಗಳು ಪಲ್ಲವಿ ಬಾಗಲಕೋಟೆಯಿಂದ ಫೋನು ಮಾಡಿ, ಗೆಳೆಯರ ಜೊತೆ ತಾನು ಮಾಡಿದ ಮೊದಲ ಆಲ್ಬಮ್ಮಿಗೆ ವಿಮರ್ಶೆ ಬೇಕೆಂದಾಗ ಒಂಚೂರೂ ಹೆದರಲಿಲ್ಲ. ಹೆದರಬೇಕಿತ್ತು!

“ಸೈಕೆಡೆಲಿಕ್ ಇಂಡೀ ರಾಕ್ ಕಾಕಾ. ಅಜ್ಜಿ ಮನಿ, ಇಳಕಲ್ ಓಣಿ, ಎಲ್ಲಾ ಹಳೇ ನೆನಪು. ಕೇಳಿದ್ರ ಕುಂತಲ್ಲೇ ತೇಲಿದಂಗ ಆಗ್ತದ.”

ಊಟವಾದ ಮೇಲೆ ನನಗೆ ಯಾವ ರಾಕೂ ಇಲ್ಲದೆ ಹಾಗೇ ಆಗುತ್ತದೆ. ಅಷ್ಟರಲ್ಲಿ ಅವಳ ದನಿ ಸಣ್ಣದಾಯಿತು.

“ಈತನಕ ಒಬ್ಬರೇ ಬರದಾರ್ರಿ. ಅವ್ರೂ ‘ಬರೇ ಗದ್ದಲ’ ಅಂದಾರ. ಬಾದಾಮಿ ಕಾರ್ಯಕ್ರಮಕ್ಕ ಮಂದಿ ಬರಲಿಲ್ಲಂದ್ರ ಬ್ಯಾಂಡ್ ಬಂದ್ ಮಾಡ್ತೇವಿ.”

ಬರೆದೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಮಧ್ಯಾಹ್ನವೇ ಅವಳು ಕಳಿಸಿದ ಹಾಡುಗಳನ್ನು ಹಚ್ಚಿ, ದನಿ ದೊಡ್ಡದಾಗಲೆಂದು ಫೋನನ್ನು ಸ್ಟೀಲ್ ಡಬರಿಯೊಳಗಿಟ್ಟು, ಕಣ್ಣು ಮುಚ್ಚಿ ಕುಳಿತೆ. ಗಿಟಾರು ನರಳಿತು. ಪಲ್ಲವಿ ಹಾಡಿದಳು. ಅದರ ಹಿಂದೆ ಖಟಕ್ ಖಟಕ್, ಮಗ್ಗದ ಸದ್ದು! ಹುಡುಗಿ ನಮ್ಮ ಓಣಿಯ ಜೀವವನ್ನೇ ಹಾಡಿಗೆ ತಂದಿದ್ದಾಳೆ! ಮೂರನೆಯ ಹಾಡಿನ ನಡುವೆ ಮಗ್ಗ ದಿಢೀರನೆ ನಿಂತು ಗಿಟಾರೊಂದೇ ಉಳಿದಾಗ ಕಣ್ಣು ತುಂಬಿ ಬಂತು. ಸಂಜೆಗೇ ಬರೆದು ಕಳಿಸಿದೆ: “ಮಗ್ಗವೇ ಈ ಆಲ್ಬಮ್ಮಿನ ನಾಯಕ. ಮೂರನೆಯ ಹಾಡಿನಲ್ಲಿ ಅದು ತಾಳುವ ಮೌನ, ನೇಕಾರಿಕೆಯ ಅಳಿವಿಗೆ ಸಲ್ಲಿಸಿದ ಶ್ರದ್ಧಾಂಜಲಿ!”

ಪತ್ರಿಕೆ ಬಂದ ದಿನ ಪಲ್ಲವಿಯ ಫೋನು. ಹೊಗಳಿಕೆ ಮನೆಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದೆ.

“ಕಾಕಾ, ಭಾಳ ಚಂದ ಬರದೀರಿ. ಆದ್ರ ನಮ್ಮ ಆಲ್ಬಮ್‌ನ್ಯಾಗ ಮಗ್ಗಾನ ಇಲ್ರಿ!”

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾಂತಾ ಕೈ ನಿಲ್ಲಿಸಿದಳು. “ಅಯ್ಯ, ಅದು ಬಾಜೂಮನಿ ಈರಪ್ಪಣ್ಣನ ಪಾವರ್‌ಲೂಮ್ ರೀ! ನೀವು ಹಾಡು ಕೇಳೂ ಮುಂದ ನಡುವ ಕರೆಂಟ್ ಹೋಗಿತ್ತಲ್ಲ!”

ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಮನಸ್ಸಿಟ್ಟು ಕೇಳಿದ ಆ ಒಂದು ದಿನ ಮಾತ್ರ ಕೇಳಿಸಿತು. ನಾನು ಶ್ರದ್ಧಾಂಜಲಿ ಬರೆದದ್ದು ಹೋದ ಕರೆಂಟಿಗೆ!

ಅಷ್ಟರಲ್ಲಿ ಈರಪ್ಪನೇ ಪತ್ರಿಕೆ ಹಿಡಿದು ಬಂದ. “ಸರ, ನಮ್ಮ ಮಗ್ಗಾ ಪೇಪರ್‌ನ್ಯಾಗ ಬಂತು! ಆದ್ರ ಅಳಿವು ಅಂತ ಯಾಕ್ ಬರದ್ರಿ? ಕರೆಂಟ್ ಬಂದ ಕೂಡ್ಲೇ ಚಾಲೂ ಆತಲ್ಲ!”

ನಾಚಿಕೆಯಿಂದ ಕುಗ್ಗಿದೆ. ಮಗುವಿನ ಕನಸಿಗೆ ನಾನೇ ಕಲ್ಲು ಹಾಕಿದೆನಲ್ಲ! “ಪಲ್ಲವಿ, ತಪ್ಪಾತು ಅಂತ ಪೇಪರಿಗೆ ಬರದು ಕೊಡ್ತೇನಿ” ಎಂದೆ ಫೋನಿನಲ್ಲಿ.

“ಬ್ಯಾಡ್ರಿ ಕಾಕಾ! ಮಗ್ಗದ ಹಾಡು ಕೇಳಾಕ ಬರ್ತೇವಂತ ಮಂದಿ ಫೋನ್ ಮಾಡಾಕತ್ತಾರ. ನಾಳೆ ಬಂದು ಮಗ್ಗಾ ರೆಕಾರ್ಡ್ ಮಾಡ್ತೇವಿ.”

ಮರುದಿನ ಮೈಕು ಹೊತ್ತು ಬಂದರು. ಈರಪ್ಪ ಹೊಸ ಅಂಗಿ ತೊಟ್ಟು ಮಗ್ಗ ನಡೆಸಿದ. ಬಾದಾಮಿಯಲ್ಲಿ ಕೂಡಲು ಜಾಗವಿಲ್ಲದೆ ಮಂದಿ ನಿಂತು ಕೇಳಿದರು. ಮೂರನೆಯ ಹಾಡಿನಲ್ಲಿ ಮಗ್ಗ ನಿಂತಾಗ ಇಡೀ ಸಭೆ ಉಸಿರು ಬಿಗಿಹಿಡಿಯಿತು. ನನಗಂತೂ ಹೇಳತೀರದ ಸಂತೋಷ!

ಕಾರ್ಯಕ್ರಮ ಮುಗಿದ ಮೇಲೆ ಪಲ್ಲವಿ ಓಡಿ ಬಂದು ಎರಡನೇ ಆಲ್ಬಮ್ ಮಾಡುತ್ತೇವೆ ಎಂದಳು. ನಾನು ಗಂಟಲು ಸರಿಮಾಡಿಕೊಂಡು, “ವಿಮರ್ಶೆ ನಾನ ಬರೀತೇನಿ” ಎಂದೆ.

“ನೀವ ಬರೀಬೇಕು ಕಾಕಾ. ಆದ್ರ ಈ ಸಲ ಮೊದ್ಲ ಬರದುಬಿಡ್ರಿ. ಏನೇನ್ ಕೇಳಿಸ್ತು ಅಂತೀರಿ, ಅದನ್ನ ನೋಡಿ ನಾವು ಹಾಡು ಮಾಡ್ತೇವಿ!”

ಈಗ ಬರೆಯಲು ಕುಳಿತಿದ್ದೇನೆ. ಹಾಡು ಕೇಳುವ ತೊಂದರೆಯೇ ಇಲ್ಲವಾದ್ದರಿಂದ ಈ ಸಲ ತಪ್ಪಾಗಲಾರದು.